ಕೊಡೆಗೂ ಒಂದು ಮನಸ್ಸಿದ್ದರೆ: ಮನುಷ್ಯರಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದು ಹೇಗೆ?

ಗಾಳಿ ಪಿಸುಗುಟ್ಟಿತು. ಮರಗಳು ತಲೆದೂಗಿದವು. ಚಂದ್ರ ಮುಗುಳ್ನಕ್ಕ.

ಇಂಥ ಸಾಲು ಬರೆದಾಗ ಏನೋ ಒಳ್ಳೆಯದು ಕೈಗೆ ಸಿಕ್ಕ ಹಾಗೆ ಅನಿಸುತ್ತದೆ. ಓದುವವರ ಕಣ್ಣು ಮಾತ್ರ ಎಲ್ಲೂ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಇಲ್ಲಿ ಯಾರೂ ಗಾಳಿಯನ್ನು ಗಮನಿಸಿಲ್ಲ, ಮರವನ್ನು ನೋಡಿಲ್ಲ. ಬೇರೆಯವರು ಬಳಸಿ ಬಳಸಿ ಸವೆಸಿದ ಮಾತನ್ನು ಎತ್ತಿ ಇಟ್ಟದ್ದಷ್ಟೇ. ಆದರೆ ಇದೇ ತಂತ್ರ ಸರಿಯಾಗಿ ಕೂತರೆ ಒಂದೇ ಸಾಲಿನಲ್ಲಿ ಒಂದು ವಸ್ತು ಎದ್ದು ಬಂದು ನಮ್ಮ ಪಕ್ಕದಲ್ಲೇ ಕೂತುಬಿಡುತ್ತದೆ. ವಿಮರ್ಶಕರು ಇದನ್ನು ಮಾನವೀಕರಣ ಅನ್ನುತ್ತಾರೆ. ಪ್ರಾಣಿ, ಗಿಡ, ಪಾತ್ರೆ, ಯಂತ್ರ, ಹಸಿವು, ಸಾವು, ಕಾಲ, ಹೀಗೆ ಮನುಷ್ಯರಲ್ಲದ ಯಾವುದಕ್ಕಾದರೂ ಮನುಷ್ಯರ ಗುಣ, ಮಾತು ಅಥವಾ ಮುಖ ಕೊಡುವುದು. ಕತೆ, ಕವಿತೆ, ಚಿತ್ರ, ಅನಿಮೇಷನ್, ಮಕ್ಕಳ ಪುಸ್ತಕ, ಜಾಹೀರಾತು, ಎಲ್ಲ ಕಡೆಯೂ ಇದು ಬೇಕಾಗುತ್ತದೆ. ಇದನ್ನು ಚೆನ್ನಾಗಿ ಮಾಡುವುದು ಹೇಗೆ, ಎಲ್ಲಿ ಮಾಡಲೇಬಾರದು ಅನ್ನುವುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ: ವಸ್ತು ಏನು ಮಾಡುತ್ತದೆ ಅನ್ನುವುದು ಮೊದಲು, ಅದರಿಂದ ಹುಟ್ಟುವ ಮನುಷ್ಯ ಗುಣ ಆಮೇಲೆ.

ಓದುಗರು ಈಗಾಗಲೇ ನಿಮ್ಮ ಕಡೆ ಇದ್ದಾರೆ

ಒಂದು ಧೈರ್ಯದ ಮಾತು ಮೊದಲಿಗೇ ಹೇಳಿಬಿಡುತ್ತೇನೆ. ಕಲ್ಲಿಗೆ ಜೀವ ಬಂದಿದೆ ಅಂತ ಓದುಗರನ್ನು ನಂಬಿಸಲು ನೀವು ಒದ್ದಾಡಬೇಕಾಗಿಲ್ಲ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ತೋರಿಸಿ ಪ್ರಯೋಗ ಮಾಡಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ. ಮೂರೂ ಒಂದು ಆಯತದ ಒಳಗೆ ಹೊರಗೆ ಓಡಾಡುತ್ತವೆ. ಕಣ್ಣಿಲ್ಲ, ಬಾಯಿಲ್ಲ, ಮಾತಿಲ್ಲ. ನೋಡಿದ್ದನ್ನು ಹೇಳಿ ಅಂದಾಗ ಹೆಚ್ಚುಕಡಿಮೆ ಎಲ್ಲರೂ ಕತೆ ಹೇಳಿದರು: ದೊಡ್ಡದು ಜಗಳಗಂಟ, ವೃತ್ತ ಹೆದರಿ ಬಚ್ಚಿಟ್ಟುಕೊಂಡಿತು, ಸಣ್ಣದು ಅದನ್ನು ಕಾಪಾಡಿತು. 1976ರಲ್ಲಿ ವೈಕಿಂಗ್ 1 ನೌಕೆ ಮಂಗಳ ಗ್ರಹದ ಒಂದು ಗುಡ್ಡದ ಫೋಟೋ ಕಳಿಸಿದಾಗಲೂ ಜನ ಅದರಲ್ಲಿ ಮನುಷ್ಯನ ಮುಖವನ್ನೇ ಕಂಡರು. ಆಮೇಲೆ ಸ್ಪಷ್ಟವಾದ ಫೋಟೋಗಳು ಬಂದಾಗ ಅದು ಬರೀ ಗುಡ್ಡ, ನೆರಳು ಬಿದ್ದ ರೀತಿಯಿಂದ ಹಾಗೆ ಕಂಡಿತ್ತು ಅಂತ ಗೊತ್ತಾಯಿತು.

ಅಂದರೆ ನಮ್ಮ ಮಿದುಳು ಮುಖ ಮತ್ತು ಮನಸ್ಸು ಎರಡನ್ನೂ ಹುಡುಕುತ್ತಲೇ ಇರುತ್ತದೆ. ಸ್ವಲ್ಪ ಸುಳಿವು ಕೊಟ್ಟರೆ ಸಾಕು, ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ನಾವು ಜಾಸ್ತಿ ಕೊಟ್ಟಾಗಲೇ ಕೆಡುವುದು.

ಮೊದಲು ನೋಡಿ, ಆಮೇಲೆ ಗುಣ ಹುಡುಕಿ

ಒಂದು ವಸ್ತು ಆರಿಸಿಕೊಳ್ಳಿ. ಕೊಡೆ ಅಂದುಕೊಳ್ಳೋಣ. ಈಗ ಅದಕ್ಕೆ ಯಾವ ಗುಣ ಕೊಡಲಿ ಅಂತ ಯೋಚಿಸಬೇಡಿ. ಕೊಡೆ ಏನೇನು ಮಾಡುತ್ತದೆ, ಅದಕ್ಕೆ ಏನೇನು ಆಗುತ್ತದೆ ಅನ್ನುವುದನ್ನು ಮಾತ್ರ ಬರೆಯಿರಿ, ಒಂದೂ ಅಲಂಕಾರದ ಮಾತು ಬೇಡ. ತಿಂಗಳುಗಟ್ಟಲೆ ಮಡಿಸಿಕೊಂಡು ಮೂಲೆಯಲ್ಲಿರುತ್ತದೆ. ಮಳೆ ಬಂದರೆ ಬಿಚ್ಚಿಕೊಳ್ಳುತ್ತದೆ. ಜೋರು ಗಾಳಿಗೆ ಉಲ್ಟಾ ಆಗುತ್ತದೆ. ಒಂದು ಕಡ್ಡಿ ಮುರಿದರೆ ಒಂದು ಕಡೆ ಜೋತು ಬೀಳುತ್ತದೆ. ಎಲ್ಲರ ಮನೆಯ ಬಾಗಿಲ ಹೊರಗೆ ನಿಲ್ಲುತ್ತದೆ, ನೀರು ಸುರಿಸುತ್ತದೆ ಅಂತ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆ ನಿಂತ ಮೇಲೆ ಬಸ್ಸಿನಲ್ಲೋ ಅಂಗಡಿಯಲ್ಲೋ ಮರೆತು ಹೋಗುತ್ತದೆ.

ಪಟ್ಟಿ ಇಷ್ಟಾದಾಗ ಮೊದಲು ಹೊಳೆಯುವುದು ತ್ಯಾಗ. ತಾನು ನೆಂದು ನಮ್ಮನ್ನು ಕಾಪಾಡುವ ಕೊಡೆ. ಅದನ್ನು ಬಿಟ್ಟುಬಿಡಿ, ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಎರಡನೆಯದು: ಕಷ್ಟ ಬಂದಾಗ ಮಾತ್ರ ನೆನಪಾಗುವ ನೆಂಟ. ಪರವಾಗಿಲ್ಲ, ಆದರೆ ಇದನ್ನೂ ಕೇಳಿದ್ದೇವೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೊಡೆ ಬಿಚ್ಚಿಕೊಳ್ಳುವುದು ಮಳೆ ಬಂದಾಗ ಮಾತ್ರ ಅಲ್ವಾ? ಹಾಗಾದರೆ ಅದಕ್ಕೆ ಗೊತ್ತಿರುವ ಲೋಕದಲ್ಲಿ ಯಾವಾಗಲೂ ಮಳೆಯೇ. ಒಣಗಿದ ರಸ್ತೆಯನ್ನು ಅದು ನೋಡಿಯೇ ಇಲ್ಲ. ಮನುಷ್ಯರೆಂದರೆ ಅದಕ್ಕೆ ಯಾವಾಗಲೂ ಅವಸರದಲ್ಲಿರುವ, ಪ್ಯಾಂಟು ಸೀರೆ ಎತ್ತಿ ಹಿಡಿದು ನಡೆಯುವ ಜನ. ಈಗ ನಿಮ್ಮ ಕೈಯಲ್ಲಿ ಬರೀ ಒಂದು ಗುಣ ಅಲ್ಲ, ಒಂದು ನೋಟವೇ ಇದೆ. ಈ ಕೊಡೆ ಮಾತಾಡಿದರೆ ಏನು ಹೇಳುತ್ತದೆ, ಯಾವುದನ್ನು ತಪ್ಪು ತಿಳಿಯುತ್ತದೆ, ಯಾವುದಕ್ಕೆ ಹೆದರುತ್ತದೆ ಅನ್ನುವುದು ತಾನಾಗಿ ಬರುತ್ತದೆ.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದೇ. ವಸ್ತುವಿಗೆ ಮನುಷ್ಯರ ಎಲ್ಲ ತಿಳುವಳಿಕೆ ಕೊಟ್ಟರೆ ಅದು ಕೊಡೆಯ ವೇಷ ಹಾಕಿದ ಮನುಷ್ಯ ಆಗುತ್ತದೆ, ಕೊಡೆ ಆಗುವುದಿಲ್ಲ. ಅದಕ್ಕೆ ಏನು ಗೊತ್ತಿಲ್ಲ ಅನ್ನುವುದನ್ನು ತೀರ್ಮಾನ ಮಾಡಿದಾಗಲೇ ಅದು ಪಾತ್ರವಾಗುವುದು. ಲಿಫ್ಟಿಗೆ ಕಟ್ಟಡದ ಎಲ್ಲ ಮಹಡಿ ಗೊತ್ತು, ಯಾರ ಮನೆಯ ಒಳಗೂ ಗೊತ್ತಿಲ್ಲ. ಕನ್ನಡಿಗೆ ಎದುರಿನ ಗೋಡೆ ಗೊತ್ತು, ತಾನು ನೇತಾಡುವ ಗೋಡೆ ಗೊತ್ತಿಲ್ಲ. ಹೀಗೆ ಹತ್ತು ವಸ್ತುಗಳಿಗೆ ಗೊತ್ತಿರುವುದು, ಗೊತ್ತಿಲ್ಲದಿರುವುದು ಅಂತ ಬರೆದು ನೋಡಿ. ಅದರಲ್ಲಿ ಎರಡಾದರೂ ಕತೆ ಸಿಗುತ್ತವೆ.

ಗೋವಿನ ಹಾಡನ್ನು ನೆನಪಿಸಿಕೊಳ್ಳಿ. ಪುಣ್ಯಕೋಟಿ ಮಾತಾಡುತ್ತಾಳೆ, ಮಾತು ಕೊಡುತ್ತಾಳೆ, ಕೊಟ್ಟ ಮಾತಿಗೆ ವಾಪಸ್ ಬರುತ್ತಾಳೆ. ಇವೆಲ್ಲ ಮನುಷ್ಯರ ಗುಣ. ಆದರೆ ಅವಳು ಒಮ್ಮೆ ಮನೆಗೆ ಹೋಗಿ ಬರುತ್ತೇನೆ ಅನ್ನುವುದು ಕರುವಿಗೆ ಹಾಲು ಕುಡಿಸಲು. ಹುಲಿ ಅಡ್ಡ ನಿಂತದ್ದು ಹಸಿವಿನಿಂದ. ಹಸುವಿಗೆ ಕರು ಇಲ್ಲದಿದ್ದರೆ, ಹುಲಿಗೆ ಹಸಿವು ಇಲ್ಲದಿದ್ದರೆ ಆ ಕತೆಯೇ ಇಲ್ಲ. ಸತ್ಯದ ಮಾತೆಲ್ಲ ಪ್ರಾಣಿಯ ನಿಜವಾದ ಬದುಕಿನ ಮೇಲೆ ನಿಂತಿದೆ. ಅದಕ್ಕೇ ಅದು ಇಷ್ಟು ಗಟ್ಟಿ.

ನರಿ ಎಂದರೆ ಮೋಸ, ಕತ್ತೆ ಎಂದರೆ ಪೆದ್ದು ಅನ್ನುವ ಸಿದ್ಧ ಅಚ್ಚುಗಳ ಬಗ್ಗೆ ಒಂದೇ ಮಾತು. ಅವು ಬೇಗ ಅರ್ಥವಾಗುತ್ತವೆ, ಪುಟ್ಟ ನೀತಿಕತೆಗೆ ಸಾಕು. ಉದ್ದದ ಬರವಣಿಗೆಗೆ ಸಾಲುವುದಿಲ್ಲ. ಒಂದು ಕಡೆ ಗೂಬೆ ಜ್ಞಾನಿ, ಇನ್ನೊಂದು ಕಡೆ ಅಪಶಕುನ. ಗೂಬೆಯಂತೂ ಎರಡು ಕಡೆಯೂ ಇಲಿ ಹಿಡಿದುಕೊಂಡು ತನ್ನ ಪಾಡಿಗೆ ತಾನಿದೆ. ಆ ಇಲಿ ಹಿಡಿಯುವುದರಿಂದ ಶುರು ಮಾಡಿ.

ಕ್ರಿಯಾಪದವೇ ನಿಮ್ಮ ಮುಖ್ಯ ಉಪಕರಣ

ಗುಣವಾಚಕ ಹಚ್ಚುವುದು ಸುಲಭ. ದುಃಖದ ಬಾಗಿಲು, ಸಿಟ್ಟಿನ ಸಮುದ್ರ, ಒಂಟಿ ದೀಪ. ಆದರೆ ಇವು ಕಾಣಿಸುವುದಿಲ್ಲ, ಬರೆದವರು ಹೇಳಿದ್ದನ್ನು ನಾವು ಒಪ್ಪಿಕೊಳ್ಳಬೇಕು ಅಷ್ಟೇ. ಕ್ರಿಯಾಪದ ಹಾಗಲ್ಲ. ಮಳೆಗಾಲದಲ್ಲಿ ಮರದ ಬಾಗಿಲು ತೇವ ಹೀರಿ ಉಬ್ಬುತ್ತದೆ, ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಮೂರು ರೀತಿ ಬರೆದು ನೋಡೋಣ.

"ಬಾಗಿಲು ತೆರೆಯಲು ಕಷ್ಟವಾಯಿತು." ಇದು ವರದಿ, ತಪ್ಪೇನಿಲ್ಲ.

"ಹಳೆಯ ನೆನಪುಗಳ ಭಾರದಿಂದ ನರಳುತ್ತಿದ್ದ ಆ ದುಃಖಿ ಬಾಗಿಲು ಕಣ್ಣೀರಿಡುತ್ತಾ ತೆರೆದುಕೊಂಡಿತು." ಇದರಲ್ಲಿ ಬಾಗಿಲೇ ಕಾಣೆಯಾಗಿದೆ.

"ಮಳೆಗಾಲ ಬಂತೆಂದರೆ ಈ ಬಾಗಿಲು ಯಾರ ಮಾತನ್ನೂ ಕೇಳುವುದಿಲ್ಲ, ಭುಜ ಕೊಟ್ಟು ನೂಕಿದರೆ ಮಾತ್ರ ಒಂದು ಸಲ ಗೊಣಗಿ ದಾರಿ ಬಿಡುತ್ತದೆ." ಇಲ್ಲಿ ಇರುವುದು ಮಾತು ಕೇಳದಿರುವುದು, ಗೊಣಗುವುದು, ದಾರಿ ಬಿಡುವುದು. ಮೂರೂ ಕೆಲಸಗಳು, ಮೂರೂ ಬಾಗಿಲು ನಿಜವಾಗಿ ಮಾಡುವಂಥವು. ಮೊಂಡು ಅನ್ನುವ ಪದ ಎಲ್ಲೂ ಇಲ್ಲ, ಆದರೂ ಓದುಗರ ಮನಸ್ಸಿಗೆ ಬರುವ ಪದ ಅದೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ದೊಡ್ಡ ಅನುಕೂಲ ಇದೆ, ಅದನ್ನು ನಾವು ಸಾಕಷ್ಟು ಬಳಸುವುದಿಲ್ಲ. ನಮ್ಮ ಕ್ರಿಯಾಪದದ ಕೊನೆಯೇ ಇದು ಮನುಷ್ಯನೋ ಅಲ್ಲವೋ ಅಂತ ಹೇಳಿಬಿಡುತ್ತದೆ. ಬಂದ, ಬಂದಳು, ಬಂದರು, ಬಂತು. "ಮಳೆ ಬಂತು" ಅಂದರೆ ಹವಾಮಾನದ ಸುದ್ದಿ. "ಮಳೆ ಬಂದಳು" ಅಂದ ಕೂಡಲೇ ಓದುಗರು ತಲೆ ಎತ್ತುತ್ತಾರೆ. ಬೇರೆ ಏನನ್ನೂ ಸೇರಿಸಿಲ್ಲ, ಕ್ರಿಯಾಪದದ ಕೊನೆ ಬದಲಾಯಿತು ಅಷ್ಟೇ. "ಮರಗಳು ನಿಂತವು" ಅನ್ನುವುದಕ್ಕೂ "ಮರಗಳು ನಿಂತರು" ಅನ್ನುವುದಕ್ಕೂ ಎಷ್ಟು ದೂರ ನೋಡಿ. ಎರಡನೆಯದರಲ್ಲಿ ಯಾರಿಗೋ ಗೌರವ ಕೊಡಲು ಒಂದು ಗುಂಪು ಎದ್ದು ನಿಂತ ಹಾಗಿದೆ. ಏನು ಬಂತು ಅಂತ ಕೇಳುವ ಜಾಗದಲ್ಲಿ ಯಾರು ಬಂದರು ಅಂತ ಒಂದು ಪಾತ್ರ ಕೇಳಿದರೂ ಸಾಕು, ಕೆಲಸ ಆಗಿಹೋಗುತ್ತದೆ.

ಸಂಬಂಧದ ಪದಗಳೂ ಹೀಗೆಯೇ. ಮಳೆರಾಯ, ಚಂದಮಾಮ, ಭೂತಾಯಿ. ರಾಯ ಎಂದಾಗ ಬೇಡಿಕೊಳ್ಳುವ ದೂರ ಇದೆ, ಮಾಮ ಎಂದಾಗ ಮಡಿಲಲ್ಲಿ ಕೂತು ಕರೆಯುವ ಸಲಿಗೆ ಇದೆ. ಯಾವ ಪದ ಆರಿಸುತ್ತೀರೋ ಅದು ವಸ್ತುವಿನ ಜೊತೆಗೆ ಮಾತಾಡುವವರ ಜಾಗವನ್ನೂ ತೀರ್ಮಾನಿಸುತ್ತದೆ. ನಿಮ್ಮ ಪಾತ್ರ ತನ್ನ ಹಳೆಯ ಬೈಕನ್ನು "ಬಾರೋ" ಅನ್ನುತ್ತದೋ, "ಬಾರಮ್ಮ" ಅನ್ನುತ್ತದೋ, "ದಯವಿಟ್ಟು ಸ್ಟಾರ್ಟ್ ಆಗಿ" ಅನ್ನುತ್ತದೋ ಅನ್ನುವುದರಲ್ಲೇ ಅರ್ಧ ಕತೆ ಇದೆ.

ಆದರೂ ನನ್ನ ಸಲಹೆ, ಕ್ರಿಯಾಪದದ ಕೊನೆ ಬದಲಿಸಲು ಅವಸರ ಬೇಡ. "ಬಾಗಿಲು ಒಪ್ಪಲಿಲ್ಲ, ಕೊನೆಗೆ ದಾರಿ ಬಿಟ್ಟಿತು" ಅಂದಾಗ ಕೆಲಸ ಮನುಷ್ಯರದು, ಕ್ರಿಯಾಪದದ ಕೊನೆ ವಸ್ತುವಿನದು. ಎರಡೂ ಒಟ್ಟಿಗೆ ಇರುವುದರಿಂದ ಬಾಗಿಲು ಬಾಗಿಲಾಗಿಯೇ ಉಳಿಯುತ್ತದೆ. ಹೆಚ್ಚಿನ ಕಡೆ ಇದೇ ಸಾಕು. ಅವನು ಅವಳು ಅಂತ ಮಾಡಿದ ಮೇಲೆ ಹೊಸ ಹೊರೆ ಬರುತ್ತದೆ. ನದಿ, ಭೂಮಿ, ನಾಡು ಎಲ್ಲ ತಾಯಿ ಎಂದು ಬರೆದೂ ಬರೆದೂ, ಅವು ಯಾವಾಗಲೂ ಸಹಿಸಿಕೊಳ್ಳಬೇಕು, ಕೇಳದೆ ಕೊಡಬೇಕು ಅನ್ನುವ ನಿರೀಕ್ಷೆಯೂ ಅದರ ಜೊತೆ ಅಂಟಿಕೊಂಡಿದೆ. ಹೆಣ್ಣಿನ ಮೇಲೆ ಹೊರಿಸಿದ ನಿರೀಕ್ಷೆಗಳೇ ಅವು. ನಿಮ್ಮ ಕತೆಗೆ ಆ ಹೊರೆ ಬೇಕಾದರೆ ತಿಳಿದು ಹೊರಿಸಿ, ಅಭ್ಯಾಸ ಬಲದಿಂದ ಬೇಡ.

ಮಾತಿನಲ್ಲಿ ಈಗಾಗಲೇ ಮಲಗಿರುವವನ್ನೂ ಎಬ್ಬಿಸಬಹುದು. ಸೂಜಿಯ ಕಣ್ಣು, ಬಾವಿಯ ಬಾಯಿ, ಮೇಜಿನ ಕಾಲು, ಗೋಡೆಗೂ ಕಿವಿ, ಗಾಡಿ ಕೈಕೊಟ್ಟಿತು. ಇವನ್ನು ಹೇಳುವಾಗ ಯಾರಿಗೂ ಕಣ್ಣು, ಬಾಯಿ, ಕೈ ಕಾಣುವುದಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ: "ಸೂಜಿಗೆ ಕಣ್ಣಿದೆ, ಅದಕ್ಕೆ ದಾರ ಬಿಟ್ಟು ಬೇರೇನೂ ಕಾಣುವುದಿಲ್ಲ." ದಿನವೂ ಬಳಸುವ ಮಾತು ಇದ್ದಕ್ಕಿದ್ದಂತೆ ಹೊಸದಾಗುತ್ತದೆ. ಹೊಸ ಉಪಮೆ ಹುಡುಕುವುದಕ್ಕಿಂತ ಇದು ಸುಲಭ, ಮತ್ತು ಓದುಗರಿಗೆ ಹತ್ತಿರ.

ಯಾರ ಕಣ್ಣಿಗೆ ಹಾಗೆ ಕಾಣುತ್ತಿದೆ?

1856ರಲ್ಲಿ ಜಾನ್ ರಸ್ಕಿನ್ ಎಂಬ ಇಂಗ್ಲಿಷ್ ವಿಮರ್ಶಕ ಕವಿಗಳ ಮೇಲೆ ಒಂದು ದೂರು ಹೊರಿಸಿದ. ಸಮುದ್ರದ ನೊರೆ ಕ್ರೂರ ಅಂತ ಬರೆಯುತ್ತಾರೆ, ನೊರೆಗೆ ಕ್ರೌರ್ಯ ಎಲ್ಲಿಂದ ಬರಬೇಕು? ದುಃಖದಲ್ಲಿರುವ ಮನಸ್ಸು ತನ್ನ ಭಾವವನ್ನೇ ಲೋಕಕ್ಕೆ ಬಳಿಯುತ್ತದೆ, ಅದು ಸುಳ್ಳು ನೋಟ ಎನ್ನುವುದು ಅವನ ವಾದ. ಈ ದೂರು ಪೂರ್ತಿ ತಪ್ಪಲ್ಲ. ಆದರೆ ಇದಕ್ಕೆ ಉತ್ತರವನ್ನು ಕಾಳಿದಾಸ ನೂರಾರು ವರ್ಷಗಳ ಮೊದಲೇ ಕೊಟ್ಟಿದ್ದ. ಮೇಘದೂತದಲ್ಲಿ ಯಕ್ಷ ಮೋಡದ ಕೈಯಲ್ಲಿ ಹೆಂಡತಿಗೆ ಸಂದೇಶ ಕಳಿಸುತ್ತಾನೆ. ಕವಿ ಶುರುವಿನಲ್ಲೇ ಹೇಳಿಬಿಡುತ್ತಾನೆ: ಮೋಡ ಎಂದರೆ ಹೊಗೆ, ಬೆಳಕು, ನೀರು, ಗಾಳಿ ಸೇರಿದ್ದು. ಸಂದೇಶ ಒಯ್ಯಲು ಇಂದ್ರಿಯಗಳು ಚುರುಕಾಗಿರುವ ಜೀವಿ ಬೇಕು. ಇದು ಯಕ್ಷನಿಗೆ ಹೊಳೆಯಲಿಲ್ಲ, ಏಕೆಂದರೆ ವಿರಹದಲ್ಲಿ ಬೆಂದವರಿಗೆ ಜೀವ ಇರುವುದು ಯಾವುದು, ಇಲ್ಲದ್ದು ಯಾವುದು ಅನ್ನುವ ಭೇದ ತಿಳಿಯುವುದಿಲ್ಲ.

ಇದರಿಂದ ಕಲಿಯುವುದು ನೇರವಾಗಿದೆ. ಮೋಡಕ್ಕೆ ಕಿವಿ ಇದೆ ಅಂತ ಹೇಳುತ್ತಿರುವುದು ಕವಿಯಲ್ಲ, ಯಕ್ಷ. ಅವನ ಸ್ಥಿತಿಯೇ ಅದಕ್ಕೆ ಕಾರಣ. ನೀವೂ ಬರೆಯುವ ಮೊದಲು ಕೇಳಿಕೊಳ್ಳಿ, ಈ ವಸ್ತು ಹೀಗೆ ಕಾಣುತ್ತಿರುವುದು ಯಾರಿಗೆ, ಯಾಕೆ? ಕೆಲಸ ಕಳೆದುಕೊಂಡವನಿಗೆ ಮೊಬೈಲ್ ಬೇಕೆಂದೇ ಸುಮ್ಮನಿದೆ ಅನಿಸಬಹುದು. ಅದೇ ಮೊಬೈಲ್ ಪರೀಕ್ಷೆಗೆ ಓದುವವಳಿಗೆ ಪಕ್ಕದಲ್ಲಿ ಕೂತು ಕೈ ಎಳೆಯುತ್ತಿರುತ್ತದೆ. ಕಾರಣ ಇದ್ದರೆ ಎಷ್ಟು ದೊಡ್ಡ ಕಲ್ಪನೆಯಾದರೂ ನಿಲ್ಲುತ್ತದೆ. ಕಾರಣ ಇಲ್ಲದೆ ಸುಮ್ನೆ ಪುಟ ತುಂಬಲು ಬಂದರೆ ಚಂದ್ರ ನಕ್ಕರೂ ಅತ್ತರೂ ಒಂದೇ.

ಸಾವು, ನ್ಯಾಯ, ಅನುಮಾನ

ಕಣ್ಣಿಗೆ ಕಾಣದ್ದಕ್ಕೆ ರೂಪ ಕೊಡುವುದು ಬೇರೆಯೇ ಕೆಲಸ. ಕೊಡೆಯನ್ನು ನೋಡಿ ಪಟ್ಟಿ ಮಾಡಬಹುದು, ಅನುಮಾನವನ್ನು ಹೇಗೆ ನೋಡುವುದು? ಇಲ್ಲಿ ವೇಷಭೂಷಣದಿಂದ ಶುರು ಮಾಡಬೇಡಿ, ದಿನಚರಿಯಿಂದ ಶುರು ಮಾಡಿ. ಅನುಮಾನ ಎಷ್ಟು ಗಂಟೆಗೆ ಏಳುತ್ತದೆ, ಎಲ್ಲಿ ಕೂರುತ್ತದೆ, ಯಾರ ಜೊತೆ ಬರುತ್ತದೆ? "ಅನುಮಾನ ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತದೆ, ಎಲ್ಲರೂ ಮಲಗಿದ ಮೇಲೂ ದೀಪ ಆರಿಸುವುದಿಲ್ಲ." ಕಪ್ಪು ಬಟ್ಟೆ, ಕೆಂಪು ಕಣ್ಣು ಯಾವುದೂ ಬೇಕಾಗಲಿಲ್ಲ.

ಚಿತ್ರ ಬಿಡಿಸುವವರಿಗೆ ಮಾತ್ರ ವಸ್ತುಗಳು ಬೇಕೇಬೇಕು. ನ್ಯಾಯದೇವತೆಯ ಕೈಯಲ್ಲಿ ತಕ್ಕಡಿ, ಕತ್ತಿ, ಕಣ್ಣಿಗೆ ಬಟ್ಟೆ. ಒಂದೊಂದು ವಸ್ತುವಿಗೂ ಒಂದೊಂದೇ ಅರ್ಥ. ಆ ಬಟ್ಟೆಯ ಕತೆ ಸ್ವಾರಸ್ಯದ್ದು. 1494ರ ಒಂದು ಮರದಚ್ಚಿನ ಚಿತ್ರದಲ್ಲಿ ಒಬ್ಬ ಮೂರ್ಖ ಹಿಂದಿನಿಂದ ಬಂದು ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ. ಅಲ್ಲಿ ಅದು ಟೀಕೆ, ನ್ಯಾಯ ಕುರುಡಾಗಿದೆ ಅಂತ. ಮುಂದೆ ಅದೇ ಬಟ್ಟೆಗೆ ಮುಖ ನೋಡಿ ಮಣೆ ಹಾಕುವುದಿಲ್ಲ ಅನ್ನುವ ಒಳ್ಳೆಯ ಅರ್ಥ ಬಂತು. ಗುರುತಿನ ವಸ್ತು ಎರಡೂ ಕಡೆ ಓದಿಸಿಕೊಳ್ಳಬಹುದು, ಹಾಗಾಗಿ ನಿಮ್ಮ ಚಿತ್ರವನ್ನು ವಿವರಣೆ ಇಲ್ಲದೆ ಇಬ್ಬರು ಮೂವರಿಗೆ ತೋರಿಸಿ ಏನು ಅರ್ಥವಾಯಿತು ಅಂತ ಕೇಳಿ. ನೀವು ಅಂದುಕೊಂಡದ್ದು ಬರದಿದ್ದರೆ ವಸ್ತು ಬದಲಿಸಿ, ಕೆಳಗೆ ಹೆಸರು ಬರೆಯಬೇಡಿ.

ಚಿತ್ರದಲ್ಲಿ: ಮುಖ ಕೊನೆಗೆ

ಬಿಡಿಸಲು ಕೂತವರು ಮೊದಲು ಮಾಡುವ ಕೆಲಸ ಎರಡು ಕಣ್ಣು, ಒಂದು ಬಾಯಿ ಇಡುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಜರ್ಮನಿಯ ಒಂದು ಗುಹೆಯಲ್ಲಿ 1939ರಲ್ಲಿ ಸಿಕ್ಕಿದ ಸಿಂಹ ಮಾನವನ ಪ್ರತಿಮೆ ಸುಮಾರು 40,000 ವರ್ಷ ಹಳೆಯದು. ಮ್ಯಾಮತ್ ಎಂಬ ಅಳಿದುಹೋದ ಆನೆಯ ದಂತದಲ್ಲಿ ಕೆತ್ತಿದ್ದು, ಎತ್ತರ ಸುಮಾರು 31 ಸೆಂಟಿಮೀಟರ್. ಅದರ ತಲೆ ಸಿಂಹದ್ದೇ. ಕಾಲು ಮತ್ತು ನಿಲುವು ಮನುಷ್ಯರದ್ದು, ಎರಡು ಕಾಲಿನ ಮೇಲೆ ನೇರವಾಗಿ ನಿಂತಿದೆ. ನೋಡಿದ ಕೂಡಲೇ ಯಾರೋ ನಿಂತಿದ್ದಾರೆ ಅನಿಸುವುದು ಆ ನಿಲುವಿನಿಂದ.

ಅನಿಮೇಷನ್ ಕಲಿಯುವವರಿಗೆ ಒಂದು ಹಳೆಯ ಅಭ್ಯಾಸ ಇದೆ, ಅರ್ಧ ತುಂಬಿದ ಹಿಟ್ಟಿನ ಚೀಲ ಬಿಡಿಸುವುದು. ಮುಖ ಇಲ್ಲ, ನಾಲ್ಕು ಮೂಲೆ ಮಾತ್ರ. ಆ ಚೀಲ ಖುಷಿಯಲ್ಲಿದೆ, ನಾಚಿಕೊಂಡಿದೆ, ಸೋತು ಕೂತಿದೆ, ಕದ್ದು ನೋಡುತ್ತಿದೆ ಅಂತ ಬಿಡಿಸಬೇಕು. ಮೇಲಿನ ಮೂಲೆಗಳು ಭುಜವಾಗುತ್ತವೆ, ಕೆಳಗಿನವು ಪಾದವಾಗುತ್ತವೆ, ಭಾರ ಯಾವ ಕಡೆ ಬಿದ್ದಿದೆ ಅನ್ನುವುದು ಮನಸ್ಸಾಗುತ್ತದೆ. ಇದನ್ನು ನಿಜವಾಗಿಯೂ ಮಾಡಿ ನೋಡಿ, ಓದಿ ಬಿಡಬೇಡಿ. ಒಂದು ಪುಟದಲ್ಲಿ ಎಂಟು ಹತ್ತು ಚೀಲ ಬಿಡಿಸಿ. ಬೆನ್ನಿನ ಗೆರೆ ಎಷ್ಟು ಹೇಳುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಎರಡು ಮೇಜಿನ ದೀಪಗಳನ್ನು ಇಟ್ಟುಕೊಂಡು 1986ರಲ್ಲಿ ಪಿಕ್ಸಾರ್ ಮಾಡಿದ ಪುಟ್ಟ ಚಿತ್ರ 'ಲಕ್ಸೋ ಜೂನಿಯರ್' ಕೂಡ ಇದಕ್ಕೆ ಸಾಕ್ಷಿ. ದೀಪಗಳಿಗೆ ಕಣ್ಣಿಲ್ಲ, ಬಾಯಿಲ್ಲ. ಬಾಗುವುದು, ತಿರುಗುವುದು, ಕುಪ್ಪಳಿಸುವುದು ಇಷ್ಟರಲ್ಲೇ ಒಂದು ದೊಡ್ಡವರು, ಇನ್ನೊಂದು ಮಗು ಅಂತ ತಿಳಿಯುತ್ತದೆ.

ಮುಖ ಬೇಕೇ ಬೇಕು ಅಂದರೆ ಕಣ್ಣು ಎಲ್ಲಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಕಾರಿನ ಹೆಡ್‌ಲೈಟ್ ಜಾಗದಲ್ಲಿ ಕಣ್ಣಿಟ್ಟರೆ ಮುಂಭಾಗವೇ ಮುಖ, ಹಿಂದಿನದೆಲ್ಲ ಉದ್ದನೆಯ ಮೈ, ನೆಲಕ್ಕೆ ಹತ್ತಿರ ಹರಿದಾಡುವ ಪ್ರಾಣಿಯ ಹಾಗೆ. ಮುಂದಿನ ಗಾಜಿನಲ್ಲಿ ಕಣ್ಣಿಟ್ಟರೆ ಬಾನೆಟ್ ಮೂಗಾಗುತ್ತದೆ, ಇಡೀ ಕಾರೇ ತಲೆಯಾಗುತ್ತದೆ, ಮುಖಭಾವಕ್ಕೆ ಜಾಗ ಸಿಗುತ್ತದೆ. ಮುದ್ದಾಗಿ ಕಾಣಬೇಕಾದರೆ ದೊಡ್ಡ ತಲೆ, ಮುಖದ ಕೆಳಭಾಗದಲ್ಲಿ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಇವು ಎಳೆಯ ಮಗುವಿನ ಲಕ್ಷಣಗಳು, ಇವನ್ನು ಕಂಡರೆ ನಮಗೆ ಕಾಳಜಿ ಹುಟ್ಟುತ್ತದೆ ಅಂತ ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಕಾನ್ರಾಡ್ ಲೊರೆನ್ಜ್ 1943ರಲ್ಲಿ ಬರೆದಿದ್ದರು. ಆದರೆ ಎಲ್ಲವನ್ನೂ ಮುದ್ದು ಮಾಡುತ್ತಾ ಹೋದರೆ ಮುದುಕ ಬೀಗ, ಜಿಪುಣ ಪರ್ಸ್ ಇವರೆಲ್ಲ ಹೇಗೆ ಬರಬೇಕು? ಗುಣಕ್ಕೆ ತಕ್ಕ ಆಕಾರ ಇರಲಿ. ಇನ್ನು, ನಿಜವಾದ ಮನುಷ್ಯನ ಚರ್ಮ, ಹಲ್ಲು, ತುಟಿ ತಂದು ವಸ್ತುವಿಗೆ ಅಂಟಿಸಿದರೆ ನೋಡುವವರಿಗೆ ಇರುಸುಮುರುಸು ಶುರುವಾಗುತ್ತದೆ. ಮನುಷ್ಯನಿಗೆ ತೀರಾ ಹತ್ತಿರ ಬಂದು ಪೂರ್ತಿ ಮನುಷ್ಯ ಆಗದೆ ಉಳಿದದ್ದನ್ನು ಕಂಡರೆ ಮೈ ಜುಮ್ಮೆನ್ನುತ್ತದೆ ಅಂತ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ರೋಬೋಟ್‌ಗಳ ಬಗ್ಗೆ ಹೇಳಿದ್ದು ಚಿತ್ರಕ್ಕೂ ಅನ್ವಯಿಸುತ್ತದೆ. ಭಯ ಹುಟ್ಟಿಸುವುದೇ ಉದ್ದೇಶ ಅಂದರೆ ಮಾತ್ರ ಆ ಕಡೆ ಹೋಗಿ.

ಬರೆದ ಮೇಲೆ

ಎರಡು ಪರೀಕ್ಷೆ ಸಾಕು. ಮೊದಲನೆಯದು, ವಸ್ತುವನ್ನು ತೆಗೆದು ಅಲ್ಲಿ ಬೇರೆಯದನ್ನು ಇಡಿ. ಪಿಸುಗುಟ್ಟಿತು ಅನ್ನುವುದಕ್ಕೆ ಗಾಳಿ, ಎಲೆ, ಹೊಳೆ, ರಾತ್ರಿ ಯಾವುದನ್ನು ಹಾಕಿದರೂ ನಡೆಯುತ್ತದೆ. ಹಾಗಾದರೆ ಆ ಸಾಲು ಯಾವುದರದ್ದೂ ಅಲ್ಲ, ಅಳಿಸಿ. ಭುಜ ಕೊಟ್ಟು ನೂಕಿದರೆ ದಾರಿ ಬಿಡುವುದು ಬಾಗಿಲು ಮಾತ್ರ, ಅದು ಉಳಿಯಲಿ. ಎರಡನೆಯದು, ಸಾಲನ್ನೇ ತೆಗೆದು ಮೇಲಿನಿಂದ ಓದಿ. ಏನೂ ಕಡಿಮೆಯಾಗದಿದ್ದರೆ ಅದು ಬೇಕಿರಲಿಲ್ಲ. ಒಂದು ಪ್ಯಾರಾದಲ್ಲಿ ಗಾಳಿ, ಬೀದಿ, ಬೆಂಚು, ದೀಪ ಎಲ್ಲವೂ ಮನುಷ್ಯರ ಹಾಗೆ ಆಡಲು ಶುರು ಮಾಡಿದರೆ ನಿಜವಾದ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ. ಒಂದನ್ನು ಇಟ್ಟುಕೊಳ್ಳಿ.

ಮತ್ತೆ, ವಸ್ತುವಿಗೆ ಮಾತು ಬರಿಸುವುದು ಕೊನೆಯ ಮೆಟ್ಟಿಲು. ಮೊದಲು ಕೆಲಸ, ಆಮೇಲೆ ಇಷ್ಟಾನಿಷ್ಟ, ಆಮೇಲೆ ನೆನಪು, ಅದೂ ಸಾಲದಿದ್ದರೆ ಮಾತು. ಮಾತಾಡಲು ಬಿಟ್ಟರೆ ಅದರ ನಿಯಮವನ್ನು ಶುರುವಿನಲ್ಲೇ ಹೇಳಿ: ಯಾರಿಗೆ ಕೇಳಿಸುತ್ತದೆ, ಯಾವಾಗ ಕೇಳಿಸುತ್ತದೆ. ನಡುವೆ ನಿಯಮ ಬದಲಿಸಿದರೆ ಮಕ್ಕಳೂ ಹಿಡಿದು ಕೇಳುತ್ತಾರೆ.

ಎಲ್ಲಿ ಮಾಡಬಾರದು

ಇದನ್ನು ಬರೆಯದೆ ಬಿಟ್ಟರೆ ಮೇಲಿನದೆಲ್ಲ ಅರ್ಧ ಆಗುತ್ತದೆ. ಕತೆಯಲ್ಲಿ ಒಳ್ಳೆಯ ಕೆಲಸ ಮಾಡುವ ಈ ತಂತ್ರ ಸುದ್ದಿ, ವಿಜ್ಞಾನ, ವರದಿಗಳಲ್ಲಿ ನಿಜವನ್ನು ಮುಚ್ಚಬಲ್ಲದು.

ಪ್ರಾಣಿಗಳಿಂದ ಶುರು ಮಾಡೋಣ. ಹಲ್ಲು ಕಿರಿದ ಚಿಂಪಾಂಜಿಯ ಫೋಟೋ ಹಾಕಿ ನಗುತ್ತಿದೆ ಅಂತ ಬರೆಯುತ್ತಾರೆ, ಎಷ್ಟೋ ಸಲ ಅದು ಹೆದರಿದ ಗುರುತು. ಡಾಲ್ಫಿನ್ ಸದಾ ನಗುವ ಹಾಗೆ ಕಾಣುವುದು ಅದರ ದವಡೆಯ ಆಕಾರದಿಂದ, ಸಂಕಟದಲ್ಲಿದ್ದರೂ ಅದರ ಮುಖ ಹಾಗೇ ಇರುತ್ತದೆ. ನಾಯಿ ತಪ್ಪು ಮಾಡಿ ತಲೆ ತಗ್ಗಿಸುತ್ತದೆ ಅನ್ನುತ್ತೇವೆ. ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮುಖಭಾವಕ್ಕೂ ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಒಡೆಯರು ಗದರಿಸಿದಾಗ ಅದು ಜಾಸ್ತಿ ಕಂಡಿತು. ಇದರ ಅರ್ಥ ಪ್ರಾಣಿಗಳಿಗೆ ಭಾವನೆ ಇಲ್ಲ ಅಂತಲ್ಲ. ವಾನರಗಳನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಫ್ರಾನ್ಸ್ ಡಿ ವಾಲ್, ಪ್ರಾಣಿಗಳಿಗೂ ನಮಗೂ ಇರುವ ಹೋಲಿಕೆಯನ್ನು ಮೊದಲೇ ತಳ್ಳಿಹಾಕುವುದೂ ಅಷ್ಟೇ ತಪ್ಪು ಅಂತ ವಾದಿಸಿದರು. ಹಾಗಾಗಿ ನಿಜವಾದ ಪ್ರಾಣಿಯ ಬಗ್ಗೆ ಬರೆಯುವಾಗ ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ: ಕಿವಿ ಹಿಂದಕ್ಕೆ ಮಾಡಿತು, ಬಾಲ ಕಾಲ ನಡುವೆ ಸೇರಿಸಿತು. ಊಹೆಯನ್ನು ಇನ್ನೊಂದು ವಾಕ್ಯದಲ್ಲಿ, ಊಹೆ ಅಂತಲೇ ಬರೆಯಿರಿ.

ಸುದ್ದಿಯಲ್ಲಿ ಇದು ಇನ್ನೂ ಗಂಭೀರ. "ರಸ್ತೆ ಮೂರು ಜೀವ ಬಲಿ ಪಡೆಯಿತು." ರಸ್ತೆಗೆ ಹಸಿವಿಲ್ಲ. ಗುಂಡಿ ಮುಚ್ಚದೆ ಬಿಟ್ಟವರಿದ್ದಾರೆ, ದೀಪ ಹಾಕದವರಿದ್ದಾರೆ, ಅಥವಾ ಅತಿ ವೇಗದಲ್ಲಿ ಬಂದ ಚಾಲಕ ಇದ್ದಾನೆ. ರಸ್ತೆಯನ್ನೇ ರಾಕ್ಷಸ ಮಾಡಿದ ಕೂಡಲೇ ಅವರೆಲ್ಲ ವಾಕ್ಯದಿಂದ ಹೊರಗೆ ಹೋಗಿಬಿಡುತ್ತಾರೆ. "ಮಾರುಕಟ್ಟೆ ಬೆದರಿತು", "ವ್ಯವಸ್ಥೆ ಒಪ್ಪುತ್ತಿಲ್ಲ", "ಕಂಪನಿಗೆ ನೋವಾಗಿದೆ" ಇವೂ ಅದೇ ಜಾತಿ. ಇಂಥ ವಾಕ್ಯ ಕೈಗೆ ಬಂದಾಗ ಈ ಕೆಲಸ ಮಾಡಿದ ಮನುಷ್ಯ ಯಾರು ಅಂತ ಕೇಳಿ. ಉತ್ತರ ಇದ್ದರೆ ಆ ಮನುಷ್ಯನನ್ನೇ ಕರ್ತೃ ಮಾಡಿ ಬರೆಯಿರಿ.

ಇದಕ್ಕೆ ಎದುರಾದ ಒಳ್ಳೆಯ ಉದಾಹರಣೆಯೂ ಇದೆ. 2017ರಲ್ಲಿ ನ್ಯೂಜಿಲೆಂಡ್ ವಾಂಗನುಯಿ ನದಿಗೆ ಕಾನೂನಿನ ಕಣ್ಣಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು. ನದಿಯನ್ನು ತಮ್ಮ ಪೂರ್ವಜ ಎಂದೇ ಕಾಣುವ ಅಲ್ಲಿನ ಮೂಲನಿವಾಸಿ ಮಾವೋರಿ ಜನ ಬಹುಕಾಲ ಹೋರಾಡಿ ಪಡೆದದ್ದು ಅದು. ನದಿಯ ಪರವಾಗಿ ಮಾತಾಡಲು ಇಬ್ಬರನ್ನು ನೇಮಿಸುತ್ತಾರೆ, ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ಅಲ್ಲಿನ ಮಾವೋರಿ ಸಮುದಾಯದ ಕಡೆಯಿಂದ. ಇಲ್ಲಿ ನದಿಯನ್ನು ವ್ಯಕ್ತಿ ಮಾಡಿದ್ದರಿಂದ ಹೊಣೆ ಯಾರದು ಅನ್ನುವುದು ಮರೆಯಾಗಲಿಲ್ಲ, ಇನ್ನೂ ಸ್ಪಷ್ಟವಾಯಿತು. ರಸ್ತೆಯ ವಾಕ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು.

ಈಗ ಎಲ್ಲರೂ ಬರೆಯುತ್ತಿರುವುದು ಮಾತಾಡುವ ಯಂತ್ರಗಳ ಬಗ್ಗೆ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ ಅದರ ಕೆಲಸ. ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಸ್ವಲ್ಪ ಮಾತಾಡಿದ ಮೇಲೆ, ನೀವು ಹೊರಗೆ ಹೋಗುತ್ತೀರಾ ಅಂತ ಅವರನ್ನು ಕೇಳಿದರಂತೆ. ಆ ಸಣ್ಣ ಪ್ರೋಗ್ರಾಂಗೇ ಹಾಗಾದರೆ ಇವತ್ತಿನವಕ್ಕೆ ಎಷ್ಟು ಬೇಗ ಮನಸ್ಸು ಹಚ್ಚಿಬಿಡುತ್ತೇವೆ ಯೋಚಿಸಿ. ಕತೆ ಬರೆಯುತ್ತಿದ್ದರೆ ಧಾರಾಳವಾಗಿ ಹಚ್ಚಿ, ಮೇಲೆ ಹೇಳಿದ ಹಾಗೆ ಅದಕ್ಕೆ ಗೊತ್ತಿಲ್ಲದ್ದನ್ನು ಹುಡುಕಿ ಬರೆಯಿರಿ. ಲೇಖನ, ವರದಿ, ಬಳಕೆಯ ಸೂಚನೆ ಬರೆಯುತ್ತಿದ್ದರೆ ಬೇಡ. "ಎಐ ನಿಮ್ಮ ಅರ್ಜಿಯನ್ನು ತಿರಸ್ಕರಿಸಲು ನಿರ್ಧರಿಸಿತು" ಅನ್ನುವ ಜಾಗದಲ್ಲಿ ಹೀಗೆ ಬರೆಯಿರಿ: "ಬ್ಯಾಂಕು ಅರ್ಜಿಗಳನ್ನು ಒಂದು ಪ್ರೋಗ್ರಾಂ ಮೂಲಕ ಸೋಸುತ್ತದೆ. ಅದಕ್ಕೆ ನಿಯಮ ಹಾಕಿಕೊಟ್ಟವರು ಬ್ಯಾಂಕಿನವರು. ಆ ನಿಯಮದ ಪ್ರಕಾರ ನಿಮ್ಮ ಅರ್ಜಿ ತಿರಸ್ಕಾರವಾಗಿದೆ, ಮರುಪರಿಶೀಲನೆಗೆ ಅವರನ್ನೇ ಕೇಳಬೇಕು."